ಜಾತ್ರೆ ಮತ್ತು ಬಯಲಾಟಗಳ ಇಂಗಾಲದ ಲೆಕ್ಕ: ದುದ್ದ ಪರಿಸರವನ್ನು ಮುಂದಿಟ್ಟುಕೊಂಡು ಒಂದು ವಿವೇಚನೆ

ಜನಪದ ಪ್ರದರ್ಶನಗಳನ್ನು ಕುರಿತು ಕನ್ನಡದಲ್ಲಿ ನಡೆದಿರುವ ಅಧ್ಯಯನಗಳು ಪಠ್ಯ, ಧಾಟಿ, ವೇಷಭೂಷಣ, ವಾದ್ಯ, ಆಚರಣೆಯ ಕ್ರಮ, ಕಲಾವಿದರ ಸಾಮಾಜಿಕ ಹಿನ್ನೆಲೆ ಮುಂತಾದ ಸಂಗತಿಗಳನ್ನು ಸಾಕಷ್ಟು ವಿವರವಾಗಿ ದಾಖಲಿಸಿವೆ. ಹಳೆಯ ಮೈಸೂರು ಪ್ರದೇಶದ ಮಟ್ಟಿಗೆ ಹೇಳುವುದಾದರೆ ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಹಳ್ಳಿಯ ಹಾಡುಗಳು’ ಸಂಗ್ರಹದಿಂದ ಮೊದಲುಗೊಂಡು ಜೀ.ಶಂ. ಪರಮಶಿವಯ್ಯನವರು ಮೂಡಲಪಾಯ ಯಕ್ಷಗಾನವನ್ನು ಕುರಿತು ನಡೆಸಿದ ಶೋಧನೆಯವರೆಗೆ ದೊಡ್ಡ ಆಕರ ಸಂಪತ್ತು ನಮ್ಮ ಮುಂದಿದೆ. ಆದರೆ ಒಂದು ರಾತ್ರಿಯ ಆಟಕ್ಕೆ ಎಷ್ಟು ಎಣ್ಣೆ ಉರಿಯಿತು, ಅದನ್ನು ಯಾರು ತಂದರು, ನೋಡಲು ಬಂದವರು ಎಷ್ಟು ದೂರದಿಂದ ಯಾವ ಸಾಧನದಲ್ಲಿ ಬಂದರು ಎಂಬ ಪ್ರಶ್ನೆಗಳಿಗೆ ಈ ಆಕರಗಳಲ್ಲಿ ಉತ್ತರ ಸಿಗುವುದು ಅಪರೂಪ. ಇವು ಜಾನಪದದ ಪ್ರಶ್ನೆಗಳಲ್ಲವೆಂದು ನಾವು ಭಾವಿಸಿದ್ದೆವು. ಹವಾಮಾನದ ಬದಲಾವಣೆಯ ಚರ್ಚೆ ಸಾಂಸ್ಕೃತಿಕ ಕ್ಷೇತ್ರವನ್ನೂ ಪ್ರವೇಶಿಸಿರುವ ಈ ಹೊತ್ತಿನಲ್ಲಿ ಆ ಭಾವನೆಯನ್ನು ಮರುಪರಿಶೀಲಿಸಬೇಕಾಗಿದೆ. ಉತ್ಸವ, ಜಾತ್ರೆ, ನಾಟಕಗಳ ಇಂಗಾಲದ ಹೊರೆಯನ್ನು ಅಳೆಯುವುದು ಹೇಗೆ, ಅಳತೆಯಿಂದ ಏನು ತಿಳಿಯುತ್ತದೆ, ಅಳತೆಗೋಲು ತಪ್ಪಿದರೆ ಪೆಟ್ಟು ಬೀಳುವುದು ಯಾರಿಗೆ ಎಂಬುದನ್ನು ಹಾಸನ ತಾಲ್ಲೂಕಿನ ಹೋಬಳಿ ಕೇಂದ್ರವಾದ ದುದ್ದ ಮತ್ತು ಅದರ ಸುತ್ತಣ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಹಿನ್ನೆಲೆಯಲ್ಲಿ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ. (ಮಂಡ್ಯ ತಾಲ್ಲೂಕಿನಲ್ಲಿಯೂ ದುದ್ದ ಎಂಬ ಹೋಬಳಿಯಿದೆ; ಇಲ್ಲಿ ಹೇಳಿರುವುದು ಹಾಸನದ ದುದ್ದವನ್ನು.)

ಮೊದಲಿಗೆ ಪರಿಭಾಷೆ. ಒಂದು ಚಟುವಟಿಕೆಯಿಂದ ನೇರವಾಗಿಯೂ ಪರೋಕ್ಷವಾಗಿಯೂ ವಾತಾವರಣಕ್ಕೆ ಸೇರುವ ಹಸಿರುಮನೆ ಅನಿಲಗಳ ಒಟ್ಟು ಮೊತ್ತವನ್ನು ಇಂಗಾಲದ ಡೈಆಕ್ಸೈಡಿನ ತೂಕಕ್ಕೆ ಪರಿವರ್ತಿಸಿ ಹೇಳುವುದನ್ನು ‘ಇಂಗಾಲದ ಹೆಜ್ಜೆಗುರುತು’ ಎಂದು ಕರೆಯಲಾಗುತ್ತಿದೆ. 2001ರಲ್ಲಿ ಮೊದಲು ಪ್ರಕಟವಾದ ಹಸಿರುಮನೆ ಅನಿಲ ನಿಯಮಾವಳಿ ಈ ಲೆಕ್ಕವನ್ನು ಮೂರು ವಲಯಗಳಾಗಿ ವಿಂಗಡಿಸುತ್ತದೆ: ಸಂಘಟಕರು ತಾವೇ ಉರಿಸುವ ಇಂಧನ, ಅವರು ಕೊಳ್ಳುವ ವಿದ್ಯುತ್ತು, ಮತ್ತು ಅವರ ಕೈಯಲ್ಲಿಲ್ಲದಿದ್ದರೂ ಅವರ ಕಾರ್ಯಕ್ರಮದಿಂದಾಗಿಯೇ ನಡೆಯುವ ಪ್ರಯಾಣ, ಸಾಗಣೆ, ಸಾಮಗ್ರಿಗಳ ತಯಾರಿಕೆ ಇತ್ಯಾದಿ. ಲಂಡನ್ನಿನಲ್ಲಿ 2007ರಲ್ಲಿ ಸ್ಥಾಪನೆಯಾದ ಜೂಲೀಸ್ ಬೈಸಿಕಲ್ ಎಂಬ ಸಂಸ್ಥೆ ರಂಗಮಂದಿರ, ಸಂಗೀತೋತ್ಸವಗಳಿಗೆ ಇಂಥ ಲೆಕ್ಕದ ಸಲಕರಣೆಗಳನ್ನು ಒದಗಿಸಿತು. 2012ರಲ್ಲಿ ಐಎಸ್‌ಒ 20121 ಎಂಬ ಅಂತಾರಾಷ್ಟ್ರೀಯ ಮಾನದಂಡವು ಸಮಾರಂಭಗಳ ನಿರ್ವಹಣೆಗಾಗಿಯೇ ರೂಪುಗೊಂಡಿತು. ಇವೆಲ್ಲವೂ ಟಿಕೆಟು, ಗೇಟು, ನೋಂದಾಯಿತ ಸಂಘಟಕ ಇರುವ ಸಮಾರಂಭಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದವು. ಊರಿಗೆ ಊರೇ ಸಂಘಟಕನಾಗಿರುವ, ಬಂದವರನ್ನು ಯಾರೂ ಎಣಿಸದಿರುವ ಜಾತ್ರೆಗೆ ಅವುಗಳನ್ನು ಹಾಗೆಯೇ ತೊಡಿಸಲಾಗದು.

ಲೆಕ್ಕದ ಮೂಲಾಂಶ ಮಾತ್ರ ಕಷ್ಟದ್ದಲ್ಲ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.68 ಕಿಲೋಗ್ರಾಂ, ಒಂದು ಲೀಟರ್ ಪೆಟ್ರೋಲಿಗೆ ಸುಮಾರು 2.31 ಕಿಲೋಗ್ರಾಂ, ಒಂದು ಕಿಲೋ ಅಡುಗೆ ಅನಿಲಕ್ಕೆ ಸುಮಾರು 3 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಭಾರತದ ವಿದ್ಯುತ್ ಜಾಲದಿಂದ ಬರುವ ಒಂದು ಯೂನಿಟ್ಟಿಗೆ ಈಚಿನ ವರ್ಷಗಳಲ್ಲಿ ಸುಮಾರು 0.72 ಕಿಲೋಗ್ರಾಂ ಎಂದು ಹಿಡಿಯುವುದು ವಾಡಿಕೆ. ಇಷ್ಟು ಅಂಕಿಗಳು ಮತ್ತು ಪ್ರಾಮಾಣಿಕವಾದ ಒಂದು ಕ್ಷೇತ್ರಪುಸ್ತಕ ಇದ್ದರೆ ಹಳ್ಳಿಯ ಒಂದು ರಾತ್ರಿಯ ಲೆಕ್ಕವನ್ನು ಯಾವ ಯಂತ್ರವೂ ಇಲ್ಲದೆ ಹಾಕಬಹುದು.

ಹಿಂದಿನ ವ್ಯವಸ್ಥೆಯನ್ನು ನೆನೆಯದೆ ಇಂದಿನ ಲೆಕ್ಕ ಅರ್ಥವಾಗದು. ಬಯಲುಸೀಮೆಯ ಮೂಡಲಪಾಯ ಯಕ್ಷಗಾನವಾಗಲಿ, ರಂಗದ ಕುಣಿತ, ಕೋಲಾಟಗಳಾಗಲಿ ನಡೆದು ಬರುವ ಜನರನ್ನು ನಂಬಿಕೊಂಡು ಬೆಳೆದವು. ಸುಗ್ಗಿ ಮುಗಿದು ಕಣ ಬರಿದಾದ ಮೇಲೆ, ಹುಲ್ಲು ಬಣವೆಗೆ ಸೇರಿದ ಮೇಲೆ, ಬಹುಮಟ್ಟಿಗೆ ಬೆಳದಿಂಗಳನ್ನು ನೋಡಿಕೊಂಡು ಆಟ ಗೊತ್ತುಪಡಿಸುವ ಪದ್ಧತಿಯಿತ್ತು. ಆಟ ಬೆಳಗಿನವರೆಗೆ ನಡೆಯುತ್ತಿದ್ದುದಕ್ಕೆ ಕಥೆಯ ದೀರ್ಘತೆಯೊಂದೇ ಕಾರಣವಲ್ಲ. ನಡುರಾತ್ರಿಯಲ್ಲಿ ಎರಡು ಮೂರು ಹರಿದಾರಿ ನಡೆದು ಊರು ಸೇರುವುದಕ್ಕಿಂತ ಬೆಳಕು ಹರಿಯುವವರೆಗೆ ಕುಳಿತಿರುವುದು ಸುರಕ್ಷಿತವಾಗಿತ್ತು. ಪ್ರದರ್ಶನದ ಕಾಲಾವಧಿಯನ್ನು ಪ್ರಯಾಣದ ಸಾಧನವು ನಿರ್ಧರಿಸುತ್ತದೆ ಎಂಬ ಈ ಅಂಶ ನಮ್ಮ ಪ್ರದರ್ಶನ ಮೀಮಾಂಸೆಯಲ್ಲಿ ಸೇರಬೇಕಾದದ್ದು. ಇಂದು ರಾತ್ರಿ ಹನ್ನೆರಡಕ್ಕೆ ಬೈಕು ಹತ್ತಿ ಹೊರಡುವ ಪ್ರೇಕ್ಷಕನು ಪ್ರಸಂಗದ ಉತ್ತರಾರ್ಧವನ್ನೇ ಬಡವಾಗಿಸಿದ್ದಾನೆ.

ಬೆಳಕಿನ ಚರಿತ್ರೆಯೂ ಹೀಗೆಯೇ. ಪಂಜು ಮತ್ತು ಎಣ್ಣೆಯ ದೀಪಗಳ ಕಾಲದಲ್ಲಿ ಉರಿದದ್ದು ಹರಳು, ಹೊಂಗೆ, ಹಿಪ್ಪೆಗಳ ಎಣ್ಣೆ. ಊರಿನ ಬದು, ಬೇಲಿ, ತೋಪುಗಳಲ್ಲೇ ಬೆಳೆದದ್ದು. ಅನಂತರ ಬಂದದ್ದು ಸೀಮೆಎಣ್ಣೆಯ ಪೆಟ್ರೋಮ್ಯಾಕ್ಸ್, ಹಳ್ಳಿಗರ ಬಾಯಲ್ಲಿ ‘ಗ್ಯಾಸ್‌ಲೈಟು’. ಒಂದು ಗ್ಯಾಸ್‌ಲೈಟು ಇಡೀ ರಾತ್ರಿಗೆ ಒಂದು ಲೀಟರಿನಷ್ಟೋ ತುಸು ಹೆಚ್ಚೋ ಸೀಮೆಎಣ್ಣೆ ಕುಡಿಯುತ್ತಿತ್ತು. ನಾಲ್ಕು ದೀಪಗಳ ಆಟಕ್ಕೆ ಇಂಗಾಲದ ಲೆಕ್ಕದಲ್ಲಿ ಹತ್ತು ಹನ್ನೆರಡು ಕಿಲೋಗ್ರಾಮಿಗಿಂತ ಹೆಚ್ಚಾಗದು. ಅದರ ಮುಂದಿನ ಹಂತ ಡೀಸೆಲ್ ಜನರೇಟರ್.

ಈಗ ದುದ್ದ ಹೋಬಳಿಯಂಥ ಕಡೆಯ ಒಂದು ಊರಿನ ಪೌರಾಣಿಕ ನಾಟಕವನ್ನು ತೆಗೆದುಕೊಳ್ಳೋಣ. ಹಾಸನ, ಮಂಡ್ಯ, ಮೈಸೂರು, ತುಮಕೂರು ಸೀಮೆಗಳಲ್ಲಿ ‘ಕುರುಕ್ಷೇತ್ರ’ ನಾಟಕಕ್ಕಿರುವ ಜನಪ್ರೀತಿಯನ್ನು ವಿವರಿಸಬೇಕಾಗಿಲ್ಲ. ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ ತಿಂಗಳುಗಟ್ಟಲೆ ಕಲಿಯುವ ರೈತರು, ಪಾತ್ರಕ್ಕೆ ತಕ್ಕಂತೆ ಕೈಯಿಂದಲೇ ಹಣ ಹಾಕಿ ರಂಗವೇರುತ್ತಾರೆ. ಸೀನರಿ, ವೇಷಭೂಷಣ, ಧ್ವನಿವರ್ಧಕ, ದೀಪಗಳೆಲ್ಲ ಬಾಡಿಗೆಗೆ ಬರುತ್ತವೆ. ಕೆಳಗಿನ ಲೆಕ್ಕ ಯಾವುದೋ ಒಂದು ಊರಿನ ಅಳತೆಯಲ್ಲ. ಸಾಧಾರಣ ಊಹೆಗಳ ಮೇಲೆ ಕಟ್ಟಿದ ಮಾದರಿ ಎಂದು ಓದುಗರು ತಿಳಿಯತಕ್ಕದ್ದು.

ಜನರೇಟರ್ ಗಂಟೆಗೆ 4 ಲೀಟರಿನಂತೆ 9 ಗಂಟೆ ಓಡಿದರೆ 36 ಲೀಟರ್ ಡೀಸೆಲ್, ಅಂದರೆ 96 ಕಿಲೋಗ್ರಾಂ. ಸೀನರಿಯ ಲಾರಿ ಹೋಗಿ ಬರಲು 120 ಕಿಲೋಮೀಟರ್ ಓಡಿ 24 ಲೀಟರ್ ಕುಡಿದರೆ 64. ಧ್ವನಿವರ್ಧಕದ ಚಿಕ್ಕ ವಾಹನಕ್ಕೆ 11. ನಟರು, ಬಂಧುಬಳಗದ ಊಟಕ್ಕೆ 19 ಕಿಲೋ ತೂಕದ ಒಂದು ಸಿಲಿಂಡರಿಗೆ 57. ಇನ್ನು ಪ್ರೇಕ್ಷಕರು. ಒಂದು ಸಾವಿರ ಜನ ಸೇರಿದರೆಂದೂ ಅವರಲ್ಲಿ 600 ಮಂದಿ ಅದೇ ಊರಿನಿಂದಲೋ ಪಕ್ಕದ ಊರಿನಿಂದಲೋ ನಡೆದು ಬಂದರೆಂದೂ ಇಟ್ಟುಕೊಳ್ಳೋಣ. 300 ಜನ 150 ಬೈಕುಗಳಲ್ಲಿ ಹೋಗಿ ಬರಲು 20 ಕಿಲೋಮೀಟರ್ ಸಂಚರಿಸಿ, ಲೀಟರಿಗೆ 45 ಕಿಲೋಮೀಟರ್ ಮೈಲೇಜು ಹಿಡಿದರೆ, 154 ಕಿಲೋಗ್ರಾಂ. ಉಳಿದ 100 ಜನ ಹಾಸನದಿಂದಲೋ ಚನ್ನರಾಯಪಟ್ಟಣದಿಂದಲೋ 20 ಕಾರುಗಳಲ್ಲಿ 80 ಕಿಲೋಮೀಟರ್ ಸುತ್ತಿ, ಲೀಟರಿಗೆ 15ರ ಮೈಲೇಜಿನಲ್ಲಿ ಬಂದು ಹೋದರೆ 246. ಒಟ್ಟು 628 ಕಿಲೋಗ್ರಾಂ.

ಈ ಮೊತ್ತಕ್ಕಿಂತ ಅದರ ಹಂಚಿಕೆ ಗಮನಾರ್ಹ. ಪ್ರೇಕ್ಷಕರ ಪ್ರಯಾಣವೊಂದೇ 400 ಕಿಲೋಗ್ರಾಂ, ಶೇಕಡಾ 64ರಷ್ಟು. ಸಭೆಯ ಹತ್ತನೆಯ ಒಂದು ಭಾಗದಷ್ಟಿರುವ ಕಾರಿನವರ ಪಾಲು ಒಟ್ಟು ಲೆಕ್ಕದ ಶೇಕಡಾ 39. ನಡೆದು ಬಂದ 600 ಜನರ ಪ್ರಯಾಣದ ಪಾಲು ಸೊನ್ನೆ. ರಂಗದ ಮೇಲೆ ಉರಿಯುವ ದೀಪವನ್ನಾಗಲಿ ಮಂಗಳಾರತಿಯ ಕರ್ಪೂರವನ್ನಾಗಲಿ ಲೆಕ್ಕಕ್ಕೆ ಸೇರಿಸಿದರೂ ಬಿಟ್ಟರೂ ಮೊತ್ತ ಕದಲುವುದಿಲ್ಲ. ಪರಿಸರದ ಹೆಸರಿನಲ್ಲಿ ಸಾಮಾನ್ಯವಾಗಿ ಮೊದಲು ಟೀಕೆಗೆ ಗುರಿಯಾಗುವುದು ಕಣ್ಣಿಗೆ ಬೀಳುವ ಹೊಗೆ, ಬೂದಿ, ಎಲೆಕಸ. ಲೆಕ್ಕದ ಮುಕ್ಕಾಲುಪಾಲು ಇರುವುದು ಊರ ಹೊರಗೆ ನಿಲ್ಲಿಸಿದ ವಾಹನಗಳ ಸಾಲಿನಲ್ಲಿ ಮತ್ತು ಪರದೆಯ ಹಿಂದೆ ಗುಡುಗುಡಿಸುವ ಜನರೇಟರಿನಲ್ಲಿ.

ಕಡಿಮೆಗೊಳಿಸುವ ದಾರಿಯಲ್ಲೂ ಲೆಕ್ಕವು ಕೆಲವು ಸುಲಭ ನಂಬಿಕೆಗಳನ್ನು ಅಲ್ಲಗಳೆಯುತ್ತದೆ. ಜನರೇಟರ್ ಬಿಟ್ಟು ಕಂಬದ ಕರೆಂಟು ತೆಗೆದುಕೊಂಡರೆ ಸಾಕೆಂಬ ಮಾತಿದೆ. 36 ಲೀಟರ್ ಡೀಸೆಲ್ ಕೊಡುವ ಸುಮಾರು 108 ಯೂನಿಟ್ಟನ್ನು ಜಾಲದಿಂದ ಪಡೆದರೆ 78 ಕಿಲೋಗ್ರಾಂ ಆಗುತ್ತದೆ; ಉಳಿತಾಯ ಕೇವಲ 18. ಅದೇ ಎಂಟು ಸಾವಿರ ವಾಟಿನ ಹ್ಯಾಲೊಜನ್ ದೀಪಗಳ ಬದಲು ಎಲ್‌ಇಡಿ ದೀಪ ಹಾಕಿ ಬೇಡಿಕೆಯನ್ನೇ ಅರ್ಧಕ್ಕಿಂತ ಕೆಳಗಿಳಿಸಿ, ಆಮೇಲೆ ಜಾಲಕ್ಕೆ ಹೋದರೆ ಉಳಿತಾಯ 60ರಷ್ಟಾಗುತ್ತದೆ. ಜನರೇಟರಿನ ಬಾಡಿಗೆ, ಡೀಸೆಲ್ಲಿನ ಖರ್ಚುಗಳನ್ನು ಪಾತ್ರಧಾರಿಗಳೇ ಭರಿಸುವುದರಿಂದ ಇದು ಭೀಮ, ದುರ್ಯೋಧನರ ಜೇಬಿಗೂ ಹಗುರ. ಹಾಸನದ ಬಳಿಯ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ವತಿಯಿಂದ 2007ರಲ್ಲಿ ಜೈವಿಕ ಇಂಧನ ಉದ್ಯಾನ ಆರಂಭವಾಗಿ, ರೈತರ ಬದುಗಳ ಹೊಂಗೆ, ಬೇವು, ಹಿಪ್ಪೆ ಬೀಜಗಳಿಂದ ಡೀಸೆಲ್ಲಿಗೆ ಬದಲಿಯಾದ ಇಂಧನ ತಯಾರಿಸುವ ಪ್ರಯೋಗಗಳು ನಡೆದವು. ಪಂಜಿನಲ್ಲಿ ಉರಿಯುತ್ತಿದ್ದ ಎಣ್ಣೆಯೇ ಜನರೇಟರಿಗೆ ಬರುವ ಸಾಧ್ಯತೆ ಇದು; ಜಿಲ್ಲೆಯ ನಾಟಕ ಸಂಘಗಳು ಇದನ್ನು ವಿಚಾರಿಸಿ ನೋಡಬಹುದು. ಕಾರಿನಲ್ಲಿ ಬರುವ ನೂರು ಜನರಿಗೆ ಎರಡು ಬಸ್ಸು ಗೊತ್ತುಮಾಡಿದರೆ 246ರ ಬದಲು 95 ಕಿಲೋಗ್ರಾಂ ಸಾಕಾಗುತ್ತದೆ. ಯಾವ ದೀಪದ ಬದಲಾವಣೆಯೂ ಇಷ್ಟನ್ನು ಉಳಿಸದು. ಸೀನರಿಯ ವಿಷಯದಲ್ಲಿ ಒಂದು ಸೀಮೆಯ ಊರುಗಳು ತಮ್ಮ ದಿನಗಳನ್ನು ಹೊಂದಿಸಿಕೊಂಡು ಒಂದೇ ಲಾರಿಯನ್ನು ಊರಿಂದೂರಿಗೆ ಸಾಗಿಸಿದರೆ ಪ್ರತಿ ಸಲ ಖಾಲಿ ಮರಳುವ ಓಟ ತಪ್ಪುತ್ತದೆ. ಮೇಳಗಳು ತಿರುಗಾಟ ಹೊರಡುತ್ತಿದ್ದ ಹಳೆಯ ಕ್ರಮ ಇದಕ್ಕಿಂತ ಬೇರೆಯಲ್ಲ.

ಲೆಕ್ಕದಿಂದ ಹೊರಗಿಡಬೇಕಾದವುಗಳ ಬಗೆಗೂ ಎಚ್ಚರ ಬೇಕು. ಚನ್ನರಾಯಪಟ್ಟಣ ತಾಲ್ಲೂಕಿನ ಬೂಕನಬೆಟ್ಟದ ರಂಗನಾಥಸ್ವಾಮಿ ಜಾತ್ರೆ, ಅರಕಲಗೂಡು ತಾಲ್ಲೂಕಿನ ಕಾವೇರಿ ತೀರದ ರಾಮನಾಥಪುರದ ಜಾತ್ರೆ ಇವು ದನಗಳ ಪರಿಷೆಗೂ ಹೆಸರಾದವು. ಮೆಲುಕು ಹಾಕುವ ಪ್ರಾಣಿಗಳು ಹೊರಬಿಡುವ ಮೀಥೇನ್ ನೂರು ವರ್ಷದ ಅವಧಿಯಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಪ್ರಬಲ. ಹಾಗೆಂದು ಪರಿಷೆಯ ರಾಸುಗಳ ಮೀಥೇನನ್ನು ಜಾತ್ರೆಯ ತಲೆಗೆ ಕಟ್ಟುವುದು ಶುದ್ಧ ಅಪಚಾರ. ಎತ್ತು ಕೊಟ್ಟಿಗೆಯಲ್ಲಿದ್ದರೂ ಮೆಲುಕು ಹಾಕುತ್ತದೆ. ಜಾತ್ರೆ ಇಲ್ಲದಿದ್ದರೆ ನಡೆಯದಿರುತ್ತಿದ್ದುದು ಯಾವುದೋ ಅದಷ್ಟೇ ಜಾತ್ರೆಯ ಹೊರೆ. ಊಟದ ವಿಷಯದಲ್ಲೂ ಇದೇ ನಿಯಮ: ಬಂದವರು ಮನೆಯಲ್ಲಿದ್ದರೂ ಉಣ್ಣುತ್ತಿದ್ದರು, ಹೆಚ್ಚುವರಿಯಾಗಿ ಬೆಂದು ಚೆಲ್ಲಿದ್ದು ಮಾತ್ರ ಲೆಕ್ಕಕ್ಕೆ. ಆದರೆ ಹಿಂದೆ ಹಗಲೆರಡು ದಿನ ನಡೆಸಿಕೊಂಡು ಬರುತ್ತಿದ್ದ ರಾಸುಗಳನ್ನು ಈಗ ಗೂಡ್ಸ್ ವಾಹನಗಳಲ್ಲಿ ತರುವ ಡೀಸೆಲ್ಲನ್ನು ಖಂಡಿತವಾಗಿ ಸೇರಿಸಬೇಕು.

ಗ್ರಾಮದೇವತೆಯ ಹಬ್ಬಗಳ ಕೊಂಡ ಹಾಯುವ ಆಚರಣೆ ಇದಕ್ಕಿಂತ ತೊಡಕಿನದು. ಒಂದು ಟನ್ ಒಣಸೌದೆ ಉರಿದರೆ ಒಂದೂವರೆ ಟನ್ನಿಗೂ ಮಿಕ್ಕು ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಮೇಲಿನ ನಾಟಕದ ಎರಡೂವರೆ ಪಟ್ಟು. ಅಂತಾರಾಷ್ಟ್ರೀಯ ನಿಯಮಾವಳಿಯ ಪ್ರಕಾರ ಇದು ಜೈವಿಕ ಮೂಲದ ಇಂಗಾಲವಾದುದರಿಂದ ಇದನ್ನು ಮುಖ್ಯ ಮೊತ್ತಕ್ಕೆ ಸೇರಿಸದೆ ಪ್ರತ್ಯೇಕವಾಗಿ ತೋರಿಸಬೇಕು. ಮರ ಮತ್ತೆ ಬೆಳೆದರೆ ಅದೇ ಇಂಗಾಲ ಮರಕ್ಕೆ ಹಿಂದಿರುಗುತ್ತದೆಂಬುದು ಅದರ ತರ್ಕ. ಜಾನಪದ ವಿದ್ವಾಂಸರು ಈ ತರ್ಕವನ್ನು ಹಿಡಿದು ಕೊಂಡಕ್ಕೆ ಪೂರ್ಣ ವಿನಾಯಿತಿ ಕೊಡುವುದು ನನ್ನ ದೃಷ್ಟಿಯಲ್ಲಿ ಸರಿಯಲ್ಲ. ಮನೆಗೊಂದು ಹೊರೆಯಂತೆ ಬದುವಿನ ಸವರಿದ ಕೊಂಬೆಗಳನ್ನು ತಂದು ಒಟ್ಟುವ ಕೊಂಡ ಬೇರೆ, ಹಣ ಕೊಟ್ಟು ಲಾರಿಯಲ್ಲಿ ದಿಮ್ಮಿ ತರಿಸುವ ಕೊಂಡ ಬೇರೆ. ಕೊಂಡದ ಸೌದೆ ಯಾವ ಮರದ್ದು, ಎಲ್ಲಿಯದು, ಯಾವ ಮನೆತನಕ್ಕೆ ಅದನ್ನು ಒದಗಿಸುವ ಹಕ್ಕು ಎಂಬುದು ಆಚರಣೆಯ ಪ್ರಶ್ನೆಯೂ ಹೌದು, ಇಂಗಾಲದ ಪ್ರಶ್ನೆಯೂ ಹೌದು. ರಥದ ವಿಷಯ ಸುಲಭ. ತಲೆಮಾರುಗಳ ಕಾಲ ಬಾಳುವ ಮರದ ತೇರು, ಎಳೆಯುವುದು ಜನರ ತೋಳಬಲ. ವರ್ಷಕ್ಕೆ ಹಂಚಿದರೆ ಅದರ ಹೊರೆ ಉಪೇಕ್ಷಣೀಯ.

ಪ್ಲಾಸ್ಟಿಕ್ಕನ್ನು ಇಂಗಾಲದ ಲೆಕ್ಕದೊಡನೆ ಬೆರೆಸುವ ರೂಢಿಯನ್ನೂ ಬಿಡಬೇಕು. ಕರ್ನಾಟಕ ಸರ್ಕಾರವು 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ಚೀಲಗಳೊಡನೆ ಫ್ಲೆಕ್ಸ್, ಬ್ಯಾನರ್, ತಟ್ಟೆ, ಲೋಟಗಳನ್ನೂ ನಿಷೇಧಿಸಿತು. ಒಂದು ಫ್ಲೆಕ್ಸಿನ ಇಂಗಾಲದ ಹೊರೆ ಕೆಲವೇ ಕಿಲೋಗ್ರಾಂ. ಅದು ಮಣ್ಣಿಗೆ, ದನದ ಹೊಟ್ಟೆಗೆ, ಸುಟ್ಟಾಗ ಗಾಳಿಗೆ ಮಾಡುವ ಕೇಡು ಬೇರೆ ಜಾತಿಯದು. ನಿಷೇಧಕ್ಕೆ ಅದೇ ಸಾಕಷ್ಟು ಕಾರಣ.

ಹಳ್ಳಿಯ ಲೆಕ್ಕದಿಂದ ಜಿಲ್ಲಾ ಕೇಂದ್ರಕ್ಕೆ ಬಂದರೆ ಸ್ವರೂಪವೇ ಬದಲಾಗುತ್ತದೆ. ಹಾಸನಾಂಬ ದೇವಾಲಯದ ಬಾಗಿಲು ಆಶ್ವಯುಜ ಹುಣ್ಣಿಮೆಯ ನಂತರದ ಮೊದಲ ಗುರುವಾರ ತೆರೆದು ಬಲಿಪಾಡ್ಯಮಿಯ ಮರುದಿನ ಮುಚ್ಚುತ್ತದೆ. ಬಾಗಿಲು ಮುಚ್ಚುವಾಗ ಹಚ್ಚಿಟ್ಟ ದೀಪ ಮುಂದಿನ ವರ್ಷದವರೆಗೂ ಆರುವುದಿಲ್ಲವೆಂಬುದು ಭಕ್ತರ ನಂಬಿಕೆ. 2023ರ ಜೂನ್ 11ರಂದು ಮಹಿಳೆಯರ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಆರಂಭವಾದ ಮೇಲೆ ದರ್ಶನಕ್ಕೆ ಬರುವವರ ಸಂಖ್ಯೆ ಹಿಂದೆಂದೂ ಕಾಣದಷ್ಟು ಏರಿತು. 2025ರಲ್ಲಿ ಅದು 20 ಲಕ್ಷವನ್ನು ಮೀರಿತು. ಇಲ್ಲಿ ಎರಡು ಅಳತೆಗಳು ಪರಸ್ಪರ ವಿರುದ್ಧ ದಿಕ್ಕಿನಲ್ಲಿ ನಡೆಯುತ್ತವೆ. ಕಾರಿನ ಬದಲು ತುಂಬಿದ ಬಸ್ಸಿನಲ್ಲಿ ಬಂದುದರಿಂದ ತಲಾ ಹೊರೆ ಇಳಿಯುತ್ತದೆ. ಹಿಂದೆ ಬಾರದಿದ್ದವರು ಬಂದುದರಿಂದ ಒಟ್ಟು ಹೊರೆ ಏರುತ್ತದೆ. ಬಸ್ಸಿನ ಹಣವಿಲ್ಲದೆ ಹಾಸನಾಂಬೆಯನ್ನು ಕಾಣದಿದ್ದ ಹೆಣ್ಣುಮಗಳು ಈಗ ಬಂದಳೆಂಬುದನ್ನು ನಷ್ಟದ ಕಲಮಿನಲ್ಲಿ ಬರೆಯುವ ಲೆಕ್ಕಶಾಸ್ತ್ರವನ್ನು ನಾನು ಒಪ್ಪಲಾರೆ. ಸೇರಿದ ಜನರ ಸಂಖ್ಯೆಯನ್ನಲ್ಲ, ಖಾಸಗಿ ವಾಹನಗಳ ಸಂಖ್ಯೆಯನ್ನು ಇಳಿಸುವುದೇ ಇಲ್ಲಿ ಉಚಿತವಾದ ಗುರಿ.

ಮಾನದ ಪ್ರಶ್ನೆ ಇನ್ನೊಂದು ಕಡೆಯೂ ತಲೆದೋರುತ್ತದೆ. ಹೊರೆಯನ್ನು ಪ್ರೇಕ್ಷಕರ ತಲೆಗೆ ಭಾಗಿಸುವುದು ವಿದೇಶಗಳ ಸಮಾರಂಭಗಳಲ್ಲಿ ಸಾಮಾನ್ಯ. ನಮ್ಮ ಮಾದರಿ ನಾಟಕಕ್ಕೆ ಇದು ತಲಾ 0.63 ಕಿಲೋಗ್ರಾಂ. ಇದೇ ಮಾನವನ್ನು ಮೂವತ್ತು ಜನ ಕುಳಿತು ಕೇಳುವ ತತ್ವಪದದ ರಾತ್ರಿಗೆ ಅನ್ವಯಿಸಿ ನೋಡಿ. ಗಾಯಕರನ್ನು ಕರೆತಂದ ಒಂದು ವಾಹನದಿಂದಲೇ ತಲಾ ಲೆಕ್ಕ ದೊಡ್ಡದಾಗಿ ಕಾಣುತ್ತದೆ, ಲಕ್ಷ ಜನ ಸೇರುವ ದೀಪಾಲಂಕಾರದ ಉತ್ಸವವೇ ಮಿತವ್ಯಯದ್ದೆಂದು ತೋರುತ್ತದೆ. ಧನಸಹಾಯಕ್ಕೆ ಇಂಥ ತಲಾ ಸಂಖ್ಯೆ ಆಧಾರವಾದ ದಿನ ಸಣ್ಣ ಕಲಾಪ್ರಕಾರಗಳು ಹಸಿರಿನ ಹೆಸರಿನಲ್ಲೇ ಬದಿಗೆ ಸರಿಯುತ್ತವೆ. ಆದ್ದರಿಂದ ತಲಾ ಲೆಕ್ಕದೊಡನೆ ಒಟ್ಟು ಲೆಕ್ಕವನ್ನೂ ಪ್ರದರ್ಶನದ ಕಾಲಾವಧಿಯನ್ನೂ ಕೊಡಲೇಬೇಕು.

ಕಾಲಾವಧಿಯ ಮಾತು ಬಂದುದರಿಂದ, ಸರ್ಕಾರಿ ವೇದಿಕೆಗಳನ್ನು ಕುರಿತ ಒಂದು ಅಹಿತಕರ ಸಂಗತಿಯನ್ನು ಹೇಳಬೇಕು. ದುದ್ದದ ಕಡೆಯ ಹದಿನೈದು ಜನರ ಒಂದು ಚಿಟ್ಟಿಮೇಳ ಅಥವಾ ಕೋಲಾಟದ ತಂಡ ಟೆಂಪೊ ಟ್ರಾವೆಲರಿನಲ್ಲಿ ಬೆಂಗಳೂರಿಗೆ ಹೋಗಿ ಬರಲು ಸುಮಾರು 370 ಕಿಲೋಮೀಟರ್. ಲೀಟರಿಗೆ 10ರ ಮೈಲೇಜು ಹಿಡಿದರೆ 37 ಲೀಟರ್ ಡೀಸೆಲ್, 99 ಕಿಲೋಗ್ರಾಂ ಇಂಗಾಲ. ಊರ ನಾಟಕದ ಜನರೇಟರ್ ರಾತ್ರಿಯಿಡೀ ಉಗುಳಿದ್ದು 96. ಅಷ್ಟು ದೂರ ಹೋದ ತಂಡಕ್ಕೆ ವೇದಿಕೆಯ ಮೇಲೆ ಸಿಗುವುದು ಹಲವು ಬಾರಿ ಎಂಟೋ ಹತ್ತೋ ನಿಮಿಷ, ಮೆರವಣಿಗೆಯಾದರೆ ಗಣ್ಯರ ಮುಂದೆ ಹಾದುಹೋಗುವಷ್ಟು ಹೊತ್ತು. ಕಲಾವಿದರು ರಾಜಧಾನಿಗೆ ಹೋಗಬಾರದೆಂದು ಇದರ ಅರ್ಥವಲ್ಲ. ಗೌರವ, ಸಂಭಾವನೆ, ಹೊರಗಿನ ಪರಿಚಯ ಅವರಿಗೆ ಬೇಕು. ಹೋದ ತಂಡವನ್ನು ಎರಡು ಮೂರು ದಿನ ಉಳಿಸಿಕೊಂಡು ಶಾಲೆ, ಬಡಾವಣೆಗಳಲ್ಲಿ ಪೂರ್ಣ ಪ್ರದರ್ಶನ ಕೊಡಿಸಿದರೆ ಇಂಧನ ಅಷ್ಟೇ, ಸಂಭಾವನೆ ಹೆಚ್ಚು, ಕಲೆ ತನ್ನ ಪೂರ್ಣ ರೂಪದಲ್ಲಿ ಕಾಣುತ್ತದೆ. ಅಕಾಡೆಮಿಗಳು ತಮ್ಮ ಪ್ರಾಯೋಜನೆಯ ಅರ್ಜಿ ನಮೂನೆಯಲ್ಲಿ ಪ್ರಯಾಣದ ದೂರ, ವಾಹನ, ಇಂಧನ, ಪ್ರದರ್ಶನದ ನಿಮಿಷ ಎಂಬ ನಾಲ್ಕು ಕಲಮುಗಳನ್ನು ಸೇರಿಸಿದರೆ ಕೆಲವೇ ವರ್ಷಗಳಲ್ಲಿ ಇಡೀ ರಾಜ್ಯದ ಚಿತ್ರ ಕೈಗೆ ಸಿಗುತ್ತದೆ. ಆ ಅಂಕಿಗಳು ಮೊದಲು ಪ್ರಶ್ನಿಸುವುದು ಸಂಘಟಕ ಸಂಸ್ಥೆಗಳನ್ನೇ ಎಂಬುದೂ ನಿಜ.

ಬೃಹತ್ ಸಮಾರಂಭಗಳಲ್ಲಿ ಈ ಜಿಲ್ಲೆಗೆ ಅನುಭವವಿದೆ. ಶ್ರವಣಬೆಳಗೊಳದಲ್ಲಿ 2015ರಲ್ಲಿ 81ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. 1981, 1993, 2006, 2018ರಲ್ಲಿ ಗೊಮ್ಮಟೇಶ್ವರನಿಗೆ ಮಹಾಮಸ್ತಕಾಭಿಷೇಕ ನೆರವೇರಿತು. 2018ರ ಅಭಿಷೇಕಕ್ಕೆ ಒಂದು ವಿಶೇಷವಿತ್ತು. ಹಿಂದಿನ ವರ್ಷ, 2017ರ ಮಾರ್ಚ್‌ನಲ್ಲಿ, ಬೆಂಗಳೂರಿನಿಂದ ಶ್ರವಣಬೆಳಗೊಳದ ಮೂಲಕ ಹಾಸನಕ್ಕೆ ನೇರ ರೈಲು ಸಂಚಾರ ಆರಂಭವಾಗಿದ್ದುದರಿಂದ ರಾಜಧಾನಿಯ ಯಾತ್ರಿಕರು ರೈಲಿನಲ್ಲೇ ನೇರವಾಗಿ ಬರಬಹುದಾದ ಮೊದಲ ಮಹಾಮಸ್ತಕಾಭಿಷೇಕ ಅದಾಯಿತು. ಪ್ರೇಕ್ಷಕರ ಪ್ರಯಾಣವೇ ಹೊರೆಯ ದೊಡ್ಡ ಪಾಲೆಂಬ ನಮ್ಮ ಲೆಕ್ಕವನ್ನು ಒಪ್ಪಿದರೆ, ಈ ಕ್ಷೇತ್ರದ ಉತ್ಸವದ ಹೊರೆ ಇಳಿಸಲು ಒದಗಿದ ಅತಿ ಮುಖ್ಯ ಸಾಧನ ಆ ಹಳಿಯೇ.

ಹನ್ನೆರಡು ವರ್ಷದ ವಾಡಿಕೆಯಂತೆ ಮುಂದಿನ ಅಭಿಷೇಕ 2030ರಲ್ಲಿ ಬರಬೇಕು. ಅಷ್ಟರೊಳಗೆ ಸಿದ್ಧವಾಗಬೇಕಾದ ದಾಖಲೆಗಳು ಹಲವಿವೆ. ಅಟ್ಟಣಿಗೆಯ ಉಕ್ಕಿನ ಕೊಳವೆಗಳು ಮರುಬಳಕೆಯಾಗುವುದರಿಂದ ಅವುಗಳ ತಯಾರಿಕೆಯ ಪೂರ್ತಿ ಹೊರೆಯನ್ನಲ್ಲ, ಸಾಗಣೆ ಮತ್ತು ಬಳಕೆಯ ಪಾಲನ್ನು ಹಿಡಿಯಬೇಕು. ತಾತ್ಕಾಲಿಕ ಉಪನಗರಗಳ ವಿದ್ಯುತ್ತಿಗೆ ಪ್ರತ್ಯೇಕ ಮೀಟರು ಬೇಕು. ನಿಲುಗಡೆಯ ಮೈದಾನಗಳಲ್ಲಿ ವಾಹನಗಳ ಬಗೆ ಮತ್ತು ನೋಂದಣಿಯ ಜಿಲ್ಲೆಯನ್ನು ಗುರುತುಹಾಕಿಕೊಂಡರೆ ದೂರದ ಅಂದಾಜು ಸಿಗುತ್ತದೆ. ರೈಲು, ಬಸ್ಸುಗಳ ಟಿಕೆಟ್ಟಿನ ಲೆಕ್ಕ ಇಲಾಖೆಗಳಲ್ಲಿಯೇ ಇರುತ್ತದೆ. ಇವುಗಳ ಜೊತೆಗೆ ಸುತ್ತಣ ಹಳ್ಳಿಗಳಿಂದ ಇಂದಿಗೂ ಕಾಲ್ನಡಿಗೆಯಲ್ಲಿ ಬೆಟ್ಟಕ್ಕೆ ಬರುವವರು ಯಾರು, ಯಾವ ದಾರಿಯಲ್ಲಿ ಬರುತ್ತಾರೆ, ಎಲ್ಲಿ ತಂಗುತ್ತಾರೆ, ದಾರಿಯಲ್ಲಿ ಏನು ಹಾಡುತ್ತಾರೆ ಎಂಬುದನ್ನು ಬರೆದುಕೊಳ್ಳುವ ಕೆಲಸವಿದೆ. ಅದನ್ನು ಯಾವ ಇಲಾಖೆಯೂ ಮಾಡುವುದಿಲ್ಲ. ಜಾನಪದ ಅಧ್ಯಯನದ ವಿದ್ಯಾರ್ಥಿಗಳೇ ಕೈಗೆತ್ತಿಕೊಳ್ಳಬೇಕು.